ರಾತ್ರಿಯ ಹಡಗಿನಲ್ಲಿ ನಾಲ್ಕು ಕಾಲಿನ ಯಾತ್ರಿಕರು

ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ ಹ್ಯಾರಿಚ್ ಎಂಬ ರೇವುಪಟ್ಟಣವುಂಟು. ಅದಕ್ಕೆ ಎದುರಾಗಿ, ಉತ್ತರ ಸಮುದ್ರದ ಆಚೆಯ ದಡದಲ್ಲಿ, ನೆದರ್ಲೆಂಡ್ಸ್ ದೇಶದ ಹುಕ್ ಆಫ್ ಹಾಲೆಂಡ್ ರೇವು ಇದೆ. ಇವೆರಡರ ನಡುವಣ ಕಡಲದಾರಿ ಸುಮಾರು ೨೦೦ ಕಿಲೋಮೀಟರು. ರಾತ್ರಿಯಾದೊಡನೆ ಎರಡು ದಡಗಳಿಂದಲೂ ಒಂದೊಂದು ದೊಡ್ಡ ಹಡಗು ಹೊರಟು, ನಡುಗಡಲಿನಲ್ಲಿ ಒಂದನ್ನೊಂದು ಹಾದು, ಬೆಳಗಿನ ವೇಳೆಗೆ ಎದುರು ದಡವನ್ನು ಸೇರುತ್ತವೆ. ೨೦೧೦ರಲ್ಲಿ ಓಡಾಟಕ್ಕೆ ಬಂದ ಈ ಅವಳಿ ಹಡಗುಗಳು ತಲಾ ೨೪೦ ಮೀಟರು ಉದ್ದವಾಗಿವೆ. ಒಂದೊಂದರಲ್ಲಿಯೂ ಸುಮಾರು ೧೨೦೦ ಮಂದಿ ಪ್ರಯಾಣ ಮಾಡಬಹುದು. ಅದರ ಒಡಲಿನಲ್ಲಿ ನಿಲ್ಲುವ ಕಾರು ಲಾರಿಗಳನ್ನು ಒಂದರ ಹಿಂದೆ ಒಂದಾಗಿ ಹೊರಗೆ ನಿಲ್ಲಿಸಿದರೆ ಆ ಸಾಲು ಐದು ಕಿಲೋಮೀಟರನ್ನು ಮೀರುತ್ತದೆ.

ವಾಹನಗಳನ್ನು ಹೊತ್ತು ನೀರನ್ನು ದಾಟಿಸುವ ನಾವೆ ಕನ್ನಡಿಗರಿಗೆ ಹೊಸತಲ್ಲ. ೨೦೨೫ರಲ್ಲಿ ಸೇತುವೆ ತೆರೆಯುವವರೆಗೂ ಶರಾವತಿಯ ಹಿನ್ನೀರಿನಲ್ಲಿ ಸಿಗಂದೂರಿಗೆ ಹೋಗುವವರು ಕಾರು ಬಸ್ಸುಗಳ ಸಮೇತ ಲಾಂಚನ್ನು ಏರುತ್ತಿದ್ದರು. ಆದರೆ ಅಲ್ಲಿ ಪ್ರಯಾಣ ನಿಮಿಷಗಳದ್ದು. ವಾಹನಗಳು ಬಯಲಿನಲ್ಲಿಯೇ ನಿಂತಿರುತ್ತಿದ್ದುವು. ಉತ್ತರ ಸಮುದ್ರದ ಹಡಗಿನಲ್ಲಾದರೋ ಪ್ರಯಾಣ ಇಡೀ ರಾತ್ರಿಯದು. ವಾಹನಗಳು ಉಕ್ಕಿನ ಗೋಡೆಗಳ ನಡುವೆ, ಮುಚ್ಚಿದ ಬಾಗಿಲುಗಳ ಹಿಂದೆ ಇರುತ್ತವೆ.

ಈ ಹಡಗುಗಳಲ್ಲಿ ಮನುಷ್ಯರ ಜೊತೆಯಲ್ಲಿ ನಾಯಿ ಬೆಕ್ಕುಗಳೂ ಪ್ರಯಾಣ ಮಾಡುತ್ತವೆ. ಅವುಗಳಲ್ಲಿ ನಮ್ಮ ದೇಶದಿಂದ ಹೋದವುಗಳೂ ಇರುವುದುಂಟು. ಬ್ರಿಟನ್ನಿಗೆ ವಿಮಾನದಲ್ಲಿ ಬರುವ ಸಾಕುಪ್ರಾಣಿಯು ಸಾಮಾನ್ಯವಾಗಿ ಸರಕಿನ ರೂಪದಲ್ಲಿಯೇ ಬರಬೇಕೆಂಬುದು ಅಲ್ಲಿನ ಪದ್ಧತಿ. ಆದುದರಿಂದ ಉದ್ಯೋಗಕ್ಕೆಂದು ಅಲ್ಲಿಗೆ ಹೋಗುವ ಕುಟುಂಬಗಳಲ್ಲಿ ಕೆಲವರು ಆಮ್‌ಸ್ಟರ್‌ಡಾಮಿನವರೆಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಮುಂದಕ್ಕೆ ನಾಯಿಯೊಡನೆ ಈ ಹಡಗನ್ನು ಹತ್ತುತ್ತಾರೆ.

ಹಡಗಿನಲ್ಲಿ ಪ್ರಾಣಿಯು ರಾತ್ರಿಯನ್ನು ಕಳೆಯಲು ಮೂರು ಎಡೆಗಳುಂಟು. ಒಂದು, ಒಡೆಯನ ಕಾರಿನೊಳಗೆ. ಎರಡು, ಹಡಗಿನವರು ಕಟ್ಟಿಸಿರುವ ನಾಯಿಗೂಡಿನಲ್ಲಿ. ಮೂರು, ಪ್ರಾಣಿಗಳಿಗೆಂದೇ ಮೀಸಲಾದ ಕೋಣೆಯಲ್ಲಿ ಒಡೆಯನ ಜೊತೆಗೆ. ಎಲ್ಲ ಹಡಗುಗಳಲ್ಲಿಯೂ ಈ ಮೂರೂ ಇರುವುದಿಲ್ಲ. ಡೋವರ್‌ನಿಂದ ಕ್ಯಾಲೆಗೆ ಹೋಗುವ ಒಂದೂವರೆ ಗಂಟೆಯ ದಾರಿಯಲ್ಲಿ ಕಾರಿನೊಳಗೆ ನಾಯಿಯನ್ನು ಬಿಡುವುದು ವಾಡಿಕೆ. ಆದರೆ ಒಂದೂವರೆ ಗಂಟೆಗೆ ಒಪ್ಪುವ ಏರ್ಪಾಡು ಎಂಟು ಗಂಟೆಗೂ ಒಪ್ಪೀತೆ? ಟಿಕೆಟ್ಟಿನ ಬೆಲೆಯನ್ನು ನೋಡಿ ಉತ್ತರಿಸುವ ಪ್ರಶ್ನೆ ಇದಲ್ಲ. ಗಾಳಿ, ಶಾಖ, ಚಲನೆ ಇವುಗಳ ನಿಯಮಗಳನ್ನು ಬಲ್ಲವರು ಲೆಕ್ಕಹಾಕಿ ಉತ್ತರಿಸಬಹುದಾದ ಪ್ರಶ್ನೆ. ಆ ಲೆಕ್ಕವನ್ನು ನಾವು ಇಲ್ಲಿ ಮಾಡಿ ನೋಡೋಣ.

ಬಾಗಿಲಿಗೆ ಬೀಗವೇಕೆ?

ವಾಹನಗಳು ನಿಲ್ಲುವ ಅಟ್ಟಕ್ಕೆ ಪ್ರಯಾಣದ ಕಾಲದಲ್ಲಿ ಪ್ರಯಾಣಿಕರು ಇಳಿಯಕೂಡದು. ಬಾಗಿಲಿಗೆ ಬೀಗ ಬಿದ್ದಿರುತ್ತದೆ. ತನ್ನ ನಾಯಿಯನ್ನು ಒಮ್ಮೆ ನೋಡಿ ಬರುತ್ತೇನೆಂದು ಬೇಡಿಕೊಂಡರೂ ಸಾಮಾನ್ಯವಾಗಿ ಬಿಡುವುದಿಲ್ಲ. ಬಿಟ್ಟರೂ ಸಿಬ್ಬಂದಿಯ ಕಾವಲಿನಲ್ಲಿ. ಇದು ಕಠೋರವೆಂದು ತೋರಬಹುದು. ಆದರೆ ಇದಕ್ಕೆ ಕಾರಣವಿದೆ.

ವಾಹನಗಳು ಒಂದು ತುದಿಯಲ್ಲಿ ಒಳಹೊಕ್ಕು ಇನ್ನೊಂದು ತುದಿಯಲ್ಲಿ ಹೊರಬರಬೇಕಾದುದರಿಂದ, ಈ ಅಟ್ಟದಲ್ಲಿ ಅಡ್ಡಗೋಡೆಗಳಿಲ್ಲ. ಹಡಗಿನ ಉದ್ದಗಲಕ್ಕೂ ಅದು ಒಂದೇ ಹಜಾರ. ಅಗಲವಾದ ತಟ್ಟೆಯಲ್ಲಿ ಸ್ವಲ್ಪ ನೀರು ಹಾಕಿ ಎತ್ತಿಕೊಂಡು ನಡೆದು ನೋಡಿ. ತಟ್ಟೆ ಒಂದು ಕಡೆಗೆ ಕೊಂಚ ವಾಲಿದರೆ ಸಾಕು, ನೀರೆಲ್ಲ ಆ ಕಡೆಗೇ ಓಡಿ ವಾಲಿಕೆಯನ್ನು ಹೆಚ್ಚಿಸುತ್ತದೆ. ಅಟ್ಟದ ಮೇಲೆ ನೀರು ನುಗ್ಗಿದರೆ ಹಡಗಿಗೂ ಇದೇ ಗತಿ. ಹೀಗೆ ಹಡಗಿನ ಸ್ಥಿರತೆಗೆ ಬರುವ ಕುಂದು ನೀರಿನ ಹರವಿನ ಅಗಲದ ಘನಕ್ಕೆ ಅನುಪಾತವಾಗಿರುತ್ತದೆ. ಅಟ್ಟದ ನಡುವೆ ಉದ್ದಕ್ಕೂ ಒಂದು ಗೋಡೆಯನ್ನು ಕಟ್ಟಿದರೆ ಈ ಕುಂದು ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕಮಾಡಿ ತಿಳಿಯಬಹುದು.

೧೯೮೭ರ ಮಾರ್ಚ್ ೬ರಂದು ಬೆಲ್ಜಿಯಮ್ಮಿನ ಜೀಬ್ರಗ್ ರೇವಿನಿಂದ ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ಎಂಬ ಹಡಗು ಮುಂಬಾಗಿಲನ್ನು ಮುಚ್ಚದೆಯೇ ಹೊರಟಿತು. ವೇಗ ಹೆಚ್ಚಿದಂತೆ ನೀರು ವಾಹನದ ಅಟ್ಟಕ್ಕೆ ನುಗ್ಗಿತು. ನಿಮಿಷಗಳೊಳಗಾಗಿ ಹಡಗು ಮಗುಚಿ ೧೯೩ ಮಂದಿ ಮಡಿದರು. ೧೯೯೪ರ ಸೆಪ್ಟೆಂಬರ್ ೨೮ರ ರಾತ್ರಿ ಬಾಲ್ಟಿಕ್ ಸಮುದ್ರದಲ್ಲಿ ‘ಎಸ್ಟೋನಿಯ’ ಎಂಬ ಹಡಗಿನ ಮುಂಬಾಗಿಲು ಬಿರುಗಾಳಿಯಲ್ಲಿ ಕಳಚಿಬಿದ್ದು ೮೫೨ ಜನರ ಪ್ರಾಣಹಾನಿಯಾಯಿತು. ಬೆಂಕಿಯ ಭಯವೂ ಉಂಟು. ೨೦೧೪ರ ಡಿಸೆಂಬರ್ ೨೮ರಂದು ಗ್ರೀಸಿನಿಂದ ಇಟಲಿಗೆ ಹೋಗುತ್ತಿದ್ದ ‘ನಾರ್ಮನ್ ಅಟ್ಲಾಂಟಿಕ್’ ಹಡಗಿಗೆ ಬೆಂಕಿ ತಗುಲಿದುದು ವಾಹನದ ಅಟ್ಟದಲ್ಲಿಯೇ. ಹೀಗಿರುವುದರಿಂದ ಬೀಗವನ್ನು ನಾವು ದೂರುವಂತಿಲ್ಲ. ಆದರೆ ಅದರಿಂದ ಹೊರಡುವ ತೀರ್ಮಾನವನ್ನು ಮರೆಯುವಂತೆಯೂ ಇಲ್ಲ: ಕಾರಿನಲ್ಲಿ ಬಿಟ್ಟುಬಂದ ಪ್ರಾಣಿಗೆ ರಾತ್ರಿಯಲ್ಲಿ ಏನೇ ಆದರೂ ಒಡೆಯನಿಗೆ ತಿಳಿಯದು; ತಿಳಿದರೂ ಅವನು ಅಲ್ಲಿಗೆ ಹೋಗಲಾರ.

ಗಾಳಿ ಮತ್ತು ಶಾಖ

ಮುಚ್ಚಿದ ಕಾರಿನಲ್ಲಿ ನಾಯಿಗೆ ಉಸಿರುಕಟ್ಟುವುದೆಂಬುದು ಸಾಮಾನ್ಯವಾದ ಭಯ. ಇದು ಎಷ್ಟರಮಟ್ಟಿಗೆ ನಿಜ? ೨೦ ಕಿಲೋಗ್ರಾಂ ತೂಕದ ನಾಯಿಯೊಂದು ನೆಮ್ಮದಿಯಿಂದ ಮಲಗಿರುವಾಗ ಅದರ ದೇಹ ಸುಮಾರು ೪೦ ವ್ಯಾಟ್ ಶಾಖವನ್ನು ಹುಟ್ಟಿಸುತ್ತದೆ. ಅಂದರೆ ಒಂದು ಸಾಧಾರಣ ವಿದ್ಯುದ್ದೀಪದಷ್ಟು. ಇಷ್ಟು ಶಕ್ತಿಗೆ ಅದು ಗಂಟೆಗೆ ಸುಮಾರು ೭ ಲೀಟರು ಆಮ್ಲಜನಕವನ್ನು ಬಳಸಿ ೬ ಲೀಟರು ಇಂಗಾಲಾಮ್ಲವಾಯುವನ್ನು ಹೊರಬಿಡುತ್ತದೆ. ಕಾರಿನೊಳಗಿನ ಗಾಳಿ ಸುಮಾರು ೩೦೦೦ ಲೀಟರು. ಗಾಳಿ ಒಂದಿಷ್ಟೂ ಸೋರದೆಂದು ಭಾವಿಸಿದರೂ ಎಂಟು ಗಂಟೆಗಳಲ್ಲಿ ಸೇರುವ ಇಂಗಾಲಾಮ್ಲವಾಯು ೪೮ ಲೀಟರು. ನೂರಕ್ಕೆ ಒಂದೂವರೆ ಪಾಲು ಮಾತ್ರ. ಗಾಳಿ ಕೆಡುವುದು ನಿಜವೇ. ಆದರೆ ಪ್ರಾಣ ಹೋಗುವಷ್ಟಲ್ಲ. ಮೇಲಾಗಿ ಯಾವ ಕಾರೂ ಗಾಳಿಯಾಡದ ಡಬ್ಬಿಯಲ್ಲ. ಆದುದರಿಂದ ಉಸಿರುಕಟ್ಟುವ ಭಯಕ್ಕೆ ಆಧಾರ ಕಡಿಮೆ.

ನಿಜವಾದ ಶತ್ರು ಶಾಖ. ಅದಕ್ಕೆ ಒಡನಾಡಿ ತೇವ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಅದು ನಾಲಗೆಯನ್ನು ಹೊರಚಾಚಿ ಏದುಸಿರುಬಿಟ್ಟು, ಬಾಯಿ ಮೂಗುಗಳ ತೇವವನ್ನು ಆವಿಮಾಡಿ, ಆ ಮೂಲಕ ಮೈಯನ್ನು ತಂಪುಮಾಡಿಕೊಳ್ಳುತ್ತದೆ. ಒಂದು ಗ್ರಾಂ ನೀರು ಆವಿಯಾದರೆ ಸುಮಾರು ೨೪೦೦ ಜೌಲ್ ಶಾಖವನ್ನು ಒಯ್ಯುತ್ತದೆ. ಹೊರಗಿನ ಗಾಳಿ ೩೫ ಡಿಗ್ರಿಯಷ್ಟು ಬೆಚ್ಚಗಿರುವಾಗ ನಾಯಿಯ ಮೈಯಿಂದ ಗಾಳಿಗೆ ನೇರವಾಗಿ ಶಾಖ ಹರಿಯುವುದು ಬಹಳ ಕಡಿಮೆ. ಹೆಚ್ಚುಕಡಿಮೆ ೪೦ ವ್ಯಾಟ್ ಪೂರ್ತಿಯೂ ಆವಿಯ ಮೂಲಕವೇ ಹೋಗಬೇಕು. ಅದಕ್ಕೆ ಗಂಟೆಗೆ ೬೦ ಗ್ರಾಂ ನೀರು ಆವಿಯಾಗಬೇಕು. ಆದರೆ ಆ ಉಷ್ಣತೆಯಲ್ಲಿ ಕಾರಿನೊಳಗಿನ ಮೂರು ಘನಮೀಟರು ಗಾಳಿ ಹಿಡಿಯಬಲ್ಲ ಆವಿ ಒಟ್ಟು ೧೨೦ ಗ್ರಾಂ. ಅದರಲ್ಲಿ ಅರ್ಧ ಮೊದಲೇ ತುಂಬಿರುತ್ತದೆಂದು ಇಟ್ಟುಕೊಂಡರೆ ಉಳಿದ ಎಡೆ ೬೦ ಗ್ರಾಮಿನದು. ಎಂದರೆ, ಕಿಟಕಿಗಳನ್ನು ಬಿಗಿಯಾಗಿ ಮುಚ್ಚಿದ ಕಾರಿನಲ್ಲಿ ಒಂದು ಗಂಟೆಯೊಳಗೆ ಗಾಳಿ ಆವಿಯಿಂದ ತುಂಬಿಹೋಗುತ್ತದೆ. ಆಮೇಲೆ ನಾಯಿ ಎಷ್ಟು ಏದುಸಿರುಬಿಟ್ಟರೂ ನೀರು ಆವಿಯಾಗುವುದಿಲ್ಲ. ಏದುಸಿರಿನ ಶ್ರಮದಿಂದ ಹುಟ್ಟುವ ಶಾಖ ಮಾತ್ರ ಹೆಚ್ಚುತ್ತದೆ. ನಾಯಿಯ ಸಹಜವಾದ ಮೈಯುಷ್ಣತೆ ಸುಮಾರು ೩೮.೫ ಡಿಗ್ರಿ, ಅದು ೪೧ನ್ನು ಮೀರಿತೆಂದರೆ ಜೀವಕ್ಕೆ ಅಪಾಯ.

ಪಗ್, ಬುಲ್‌ಡಾಗ್ ಮೊದಲಾದ ಚಪ್ಪಟೆ ಮೂತಿಯ ತಳಿಗಳಿಗೆ ಈ ಅಪಾಯ ಇನ್ನೂ ಹೆಚ್ಚು. ನಯವಾಗಿ ಹರಿಯುವ ವಾಯುವಿಗೆ ಕೊಳವೆಯೊಡ್ಡುವ ತಡೆಯು ಕೊಳವೆಯ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮ ಅನುಪಾತದಲ್ಲಿರುತ್ತದೆಂಬ ನಿಯಮವನ್ನು ಕಾಲೇಜಿನಲ್ಲಿ ಓದುತ್ತೇವಷ್ಟೆ. ತ್ರಿಜ್ಯ ಐದರಲ್ಲಿ ಒಂದು ಪಾಲು ಕಿರಿದಾದರೂ ತಡೆ ಸುಮಾರು ಎರಡೂವರೆ ಮಡಿಯಾಗುತ್ತದೆ. ಮನುಷ್ಯನು ಚಂದಕ್ಕೆಂದು ತಳಿಯ ಮೂತಿಯನ್ನು ಗಿಡ್ಡಮಾಡಿದುದರ ಬೆಲೆಯನ್ನು ಆ ಪ್ರಾಣಿ ಪ್ರತಿ ಉಸಿರಿನಲ್ಲಿಯೂ ತೆರುತ್ತದೆ.

ಹಾಗಾದರೆ ವಾಹನದ ಅಟ್ಟ ಎಷ್ಟು ಬೆಚ್ಚಗಾದೀತು? ಇದನ್ನೂ ಲೆಕ್ಕಿಸೋಣ. ೧೫೦ ಕಿಲೋಗ್ರಾಂ ತೂಕದ ಎಂಜಿನ್ನೊಂದು ೬೦ ಡಿಗ್ರಿಯಷ್ಟು ತಣಿಯುವಾಗ ಸುಮಾರು ೪೫ ಲಕ್ಷ ಜೌಲ್ ಶಾಖವನ್ನು ಬಿಡುತ್ತದೆ. ೨೦೦ ಕಾರುಗಳಾದರೆ ೯೦ ಕೋಟಿ ಜೌಲ್. ೧೫೦ ಮೀಟರು ಉದ್ದ, ೨೮ ಮೀಟರು ಅಗಲ, ೫ ಮೀಟರು ಎತ್ತರದ ಹಜಾರದಲ್ಲಿರುವ ಗಾಳಿಯನ್ನು ಒಂದು ಡಿಗ್ರಿ ಕಾಯಿಸಲು ಎರಡೂವರೆ ಕೋಟಿ ಜೌಲ್ ಸಾಕು. ಗಾಳಿ ಹೊರಗೆ ಹೋಗದೆ, ಶಾಖವೆಲ್ಲ ಅದರಲ್ಲಿಯೇ ಉಳಿದರೆ ಉಷ್ಣತೆ ೩೬ ಡಿಗ್ರಿಗಳಷ್ಟು ಏರಬೇಕಾಗುತ್ತದೆ! ಉಕ್ಕಿನ ಗೋಡೆಗಳು ಬಹುಪಾಲು ಶಾಖವನ್ನು ಹೀರುವುದರಿಂದ ಹೀಗಾಗುವುದಿಲ್ಲವಾದರೂ, ಈ ಸಂಖ್ಯೆಯಿಂದ ಶಾಖದ ಪ್ರಮಾಣ ತಿಳಿಯುತ್ತದೆ. ಎಂಜಿನ್ನುಗಳು ಉಗುಳಿದ ವಿಷವಾಯುವಾದ ಇಂಗಾಲದ ಮಾನಾಕ್ಸೈಡೂ ಇದರ ಜೊತೆಗಿದೆ.

ಇದಕ್ಕಾಗಿಯೇ ಅಂತರರಾಷ್ಟ್ರೀಯ ಸಮುದ್ರ ಸುರಕ್ಷಿತತೆಯ ಒಪ್ಪಂದವು, ಪ್ರಯಾಣಿಕರ ಹಡಗಿನ ಇಂಥ ಹಜಾರಕ್ಕೆ ಗಂಟೆಗೆ ಹತ್ತು ಸಲ ಒಳಗಿನ ಗಾಳಿಯನ್ನೆಲ್ಲ ಬದಲಿಸಬಲ್ಲ ಬೀಸಣಿಗೆಗಳಿರಬೇಕೆಂದು ವಿಧಿಸಿದೆ. ಮೇಲಿನ ಶಾಖ ಮೂರು ಗಂಟೆಗಳಲ್ಲಿ ನಿಧಾನವಾಗಿ ಹೊರಬೀಳುತ್ತದೆಂದು ತಿಳಿದರೆ, ಗಂಟೆಗೆ ೩೦ ಕೋಟಿ ಜೌಲ್. ಹತ್ತು ಸಲ ಬದಲಾಗುವ ಗಾಳಿ ಅದನ್ನು ಒಯ್ಯಲು ಕೇವಲ ಒಂದು ಡಿಗ್ರಿಗಿಂತ ಕೊಂಚ ಹೆಚ್ಚು ಬೆಚ್ಚಗಾದರೆ ಸಾಕು. ಮೂವತ್ತಾರು ಡಿಗ್ರಿಯ ಸಮಸ್ಯೆಯನ್ನು ಬೀಸಣಿಗೆಯು ಒಂದು ಡಿಗ್ರಿಗೆ ಇಳಿಸುತ್ತದೆ. ಉತ್ತರ ಸಮುದ್ರದ ತಂಪಾದ ರಾತ್ರಿಯಲ್ಲಿ, ಬೀಸಣಿಗೆಗಳು ಸರಿಯಾಗಿ ತಿರುಗುತ್ತಿರುವಾಗ, ಕಿಟಕಿಯನ್ನು ನಾಲ್ಕು ಬೆರಳಿನಷ್ಟು ಇಳಿಸಿದ ಕಾರಿನಲ್ಲಿ ಆರೋಗ್ಯವಾದ ನಾಯಿಗೆ ಶಾಖದಿಂದ ತೊಂದರೆಯಾಗಲಾರದು. ಆದರೆ ಬೇಸಿಗೆಯಲ್ಲಿ ಮೆಡಿಟರೇನಿಯನ್ ಸಮುದ್ರವನ್ನು ದಾಟುವ ಹಡಗಿಗೆ ಈ ಮಾತನ್ನು ಅನ್ವಯಿಸಕೂಡದು. ಅಲ್ಲಿ ಬೀಸಣಿಗೆ ಒಳತರುವ ಗಾಳಿಯೇ ಬಿಸಿಯಾಗಿರುತ್ತದೆ.

ಇನ್ನೊಂದು ಅಪಾಯ ಹಡಗನ್ನು ಏರುವುದಕ್ಕೆ ಮುಂಚೆಯೇ ಕಾದಿರುತ್ತದೆ. ರೇವಿನಲ್ಲಿ ಕಾರುಗಳು ಬಿಸಿಲಿನಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಸೂರ್ಯನ ಬೆಳಕು ಗಾಜಿನ ಮೂಲಕ ಒಳನುಗ್ಗುತ್ತದೆ; ಕಾದ ಆಸನಗಳು ಹೊರಸೂಸುವ ದೀರ್ಘ ತರಂಗಗಳಿಗೆ ಅದೇ ಗಾಜು ಅಡ್ಡಗೋಡೆ; ಬಿಸಿಯಾದ ಗಾಳಿಗೂ ಹೊರಹೋಗಲು ದಾರಿಯಿಲ್ಲ. ಅರ್ಧ ಗಂಟೆಯಲ್ಲಿ ಒಳಗಿನ ಉಷ್ಣತೆ ಹೊರಗಿನದಕ್ಕಿಂತ ೧೫ರಿಂದ ೨೦ ಡಿಗ್ರಿ ಹೆಚ್ಚಬಲ್ಲದು. ಹಡಗಿನ ಎಂಟು ಗಂಟೆಗಿಂತ ರೇವಿನ ಈ ಅರ್ಧ ಗಂಟೆಯೇ ಎಷ್ಟೋ ವೇಳೆ ಹೆಚ್ಚು ಘೋರವಾಗಿರುತ್ತದೆ.

ತೂಗಾಟ ಮತ್ತು ಒಳಕಿವಿ

ವಾಕರಿಕೆಗೆ ಇಂಗ್ಲಿಷಿನವರು ಬಳಸುವ ‘ನಾಸಿಯ’ ಎಂಬ ಶಬ್ದ ಹಡಗು ಎಂಬರ್ಥದ ಗ್ರೀಕ್ ಪದದಿಂದ ಬಂದಿದೆ. ಕಡಲಬೇನೆ ಎಷ್ಟು ಹಳೆಯದೆಂಬುದಕ್ಕೆ ಈ ಶಬ್ದವೇ ಸಾಕ್ಷಿ. ಇದು ಮನುಷ್ಯನಿಗೆ ಮಾತ್ರ ಬರುವ ಬೇನೆಯಲ್ಲ. ನಾಯಿ ಬೆಕ್ಕುಗಳಿಗೂ ಬರುತ್ತದೆ; ಮರಿಗಳಿಗೆ ಹೆಚ್ಚು. ಜೊಲ್ಲು ಸುರಿಸುವುದು, ಆಗಾಗ ಆಕಳಿಸುವುದು, ತುಟಿ ನೆಕ್ಕಿಕೊಳ್ಳುವುದು ಅದರ ಮೊದಲ ಗುರುತುಗಳು.

ಇದರ ಮೂಲವಿರುವುದು ಹೊಟ್ಟೆಯಲ್ಲಲ್ಲ, ಒಳಕಿವಿಯಲ್ಲಿ. ಅಲ್ಲಿ ಒಂದಕ್ಕೊಂದು ಹೆಚ್ಚುಕಡಿಮೆ ಲಂಬವಾಗಿರುವ ಮೂರು ಅರ್ಧವೃತ್ತ ನಾಳಗಳುಂಟು. ತಲೆ ತಿರುಗಿದಾಗ ಅವುಗಳೊಳಗಿನ ದ್ರವವು ಜಡತ್ವದಿಂದ ಹಿಂದುಳಿದು ಸುತ್ತುವಿಕೆಯನ್ನು ತಿಳಿಸುತ್ತದೆ. ಅದರ ಪಕ್ಕದಲ್ಲಿ ಸುಣ್ಣದ ಹರಳುಗಳನ್ನು ಹೊತ್ತ ಚೀಲಗಳಿದ್ದು, ಅವು ಗುರುತ್ವವನ್ನೂ ನೇರ ಚಲನೆಯ ವೇಗೋತ್ಕರ್ಷವನ್ನೂ ಅಳೆಯುತ್ತವೆ. ಕಣ್ಣು ‘ಗೋಡೆ ನಿಂತಿದೆ’ ಎನ್ನುವಾಗ ಕಿವಿ ‘ನೆಲ ಏಳುತ್ತಿದೆ’ ಎಂದರೆ ಮಿದುಳಿನಲ್ಲಿ ಗೊಂದಲವೇಳುತ್ತದೆ. ಈ ಗೊಂದಲವೇ ಬೇನೆಗೆ ಕಾರಣವೆಂದು ವಿಜ್ಞಾನಿಗಳ ಮತ. ಒಳಕಿವಿಯ ಈ ಅಂಗಗಳು ಕೆಲಸಮಾಡದ ನಾಯಿಗಳನ್ನು ಎಷ್ಟು ತೂಗಾಡಿಸಿದರೂ ಅವಕ್ಕೆ ವಾಂತಿಯಾಗುವುದಿಲ್ಲವೆಂಬುದು ಪ್ರಯೋಗಗಳಿಂದ ಸಿದ್ಧವಾಗಿದೆ.

ಎಲ್ಲ ಚಲನೆಯೂ ಸಮನಾಗಿ ಬಾಧಿಸುವುದಿಲ್ಲ. ಮನುಷ್ಯರನ್ನು ಮೇಲೆ ಕೆಳಗೆ ಆಡುವ ಕೋಣೆಯಲ್ಲಿ ಕೂರಿಸಿ ಅಮೆರಿಕದಲ್ಲಿ ಮಾಡಿದ ಪ್ರಯೋಗಗಳ ಫಲಿತಾಂಶ ೧೯೭೪ರಲ್ಲಿ ಪ್ರಕಟವಾಯಿತು. ಸುಮಾರು ಐದು ಸೆಕೆಂಡಿಗೆ ಒಂದು ಸಲ ಏರಿಳಿಯುವ ಚಲನೆಯೇ ಅತ್ಯಂತ ಬಾಧಕವೆಂದು ಅದರಿಂದ ಗೊತ್ತಾಯಿತು. ಈಗ ಹಡಗಿನ ಚಲನೆಯನ್ನು ಪರೀಕ್ಷಿಸೋಣ. ೩೨ ಮೀಟರು ಅಗಲದ ದೊಡ್ಡ ಹಡಗು ಪಕ್ಕದಿಂದ ಪಕ್ಕಕ್ಕೆ ಹೊರಳಲು ಸುಮಾರು ೧೬ ಸೆಕೆಂಡು ಹಿಡಿಯುತ್ತದೆ. ಇದು ತೊಟ್ಟಿಲಿನ ಮೆಲ್ಲನೆಯ ತೂಗು. ಮೇಲಾಗಿ ಹಡಗಿನ ಎರಡು ಪಕ್ಕಗಳಲ್ಲಿಯೂ ನೀರಿನೊಳಕ್ಕೆ ಚಾಚುವ ರೆಕ್ಕೆಗಳು ಇದನ್ನು ತಗ್ಗಿಸುತ್ತವೆ. ಆದರೆ ಮೂತಿ ಏಳುತ್ತ ಬಾಲ ಬೀಳುತ್ತ ನಡೆಯುವ ಉದ್ದದ ತೂಗಾಟಕ್ಕೆ ಆರೇಳು ಸೆಕೆಂಡುಗಳೇ ಸಾಕು. ಇದು ಬಾಧಕವಾದ ಐದು ಸೆಕೆಂಡಿಗೆ ಸಮೀಪವಾದುದು. ರೆಕ್ಕೆಗಳು ಇದನ್ನು ತಡೆಯಲಾರವು.

ಹಡಗು ಒಂದೇ ಒಂದು ಡಿಗ್ರಿಯಷ್ಟು ಹೀಗೆ ತೂಗಿದರೂ, ನಡುವಿನಿಂದ ೧೦೦ ಮೀಟರು ದೂರದ ತುದಿಯು ೧.೭೫ ಮೀಟರು ಮೇಲೇರಿ ಅಷ್ಟೇ ಕೆಳಗಿಳಿಯುತ್ತದೆ. ಆರು ಸೆಕೆಂಡಿನ ಆವರ್ತಕ್ಕೆ ಅಲ್ಲಿನ ಗರಿಷ್ಠ ವೇಗೋತ್ಕರ್ಷ ಗುರುತ್ವದ ಐದರಲ್ಲಿ ಒಂದು ಪಾಲಾಗುತ್ತದೆ. ನಡುವಿನಿಂದ ಹತ್ತೇ ಮೀಟರು ದೂರದಲ್ಲಿ ಅದು ಹತ್ತರಲ್ಲಿ ಒಂದಂಶ. ಆದುದರಿಂದ ಪ್ರಾಣಿಯನ್ನು ಎಲ್ಲಿ ಇಡಬೇಕೆಂಬ ಪ್ರಶ್ನೆಗೆ ಯಂತ್ರಶಾಸ್ತ್ರದ ಉತ್ತರ ಸ್ಪಷ್ಟ: ಹಡಗಿನ ನಡುವೆ, ಸಾಧ್ಯವಾದಷ್ಟು ಕೆಳಗೆ. ಕೋಣೆಯನ್ನು ಕಾದಿರಿಸುವಾಗ ತುದಿಯದನ್ನು ಬಿಟ್ಟು ನಡುವಿನದನ್ನು ಕೇಳಿದರೆ ನಾಯಿಗೂ ಒಡೆಯನಿಗೂ ಹಿತ. ಹೊರಡುವುದಕ್ಕೆ ಕೆಲವು ಗಂಟೆ ಮೊದಲು ಹಗುರವಾದ ಊಟ, ಬೇಕಾದಾಗ ಕುಡಿಯಲು ನೀರು, ಇಷ್ಟಿದ್ದರೆ ಬೇನೆ ಬಹಳ ಮಟ್ಟಿಗೆ ತಗ್ಗುತ್ತದೆ. ನಿದ್ದೆಯ ಮದ್ದನ್ನು ಕೊಟ್ಟು ಮಲಗಿಸುವ ಅಭ್ಯಾಸವನ್ನು ಪಶುವೈದ್ಯರು ಒಪ್ಪುವುದಿಲ್ಲ. ಮದ್ದಿನ ಮಂಪರಿನಲ್ಲಿ ಪ್ರಾಣಿ ಆಯತಪ್ಪುತ್ತದೆ. ಮೈಯುಷ್ಣತೆಯನ್ನು ಹದದಲ್ಲಿಡುವ ಶಕ್ತಿಯೂ ಕುಗ್ಗುತ್ತದೆ.

ಶಬ್ದವನ್ನೂ ಮರೆಯಬಾರದು. ನಮ್ಮ ಕಿವಿ ಸೆಕೆಂಡಿಗೆ ೨೦,೦೦೦ ಕಂಪನಗಳವರೆಗೆ ಕೇಳಿದರೆ ನಾಯಿಯದು ೪೫,೦೦೦ದ ತನಕ, ಬೆಕ್ಕಿನದು ೬೦,೦೦೦ವನ್ನೂ ಮೀರಿ ಕೇಳುತ್ತದೆ. ಬೀಸಣಿಗೆಗಳ ಮೊರೆತ, ಸರಪಳಿಗಳ ಕಿರುಗುಟ್ಟುವಿಕೆ, ಅಲುಗಾಟಕ್ಕೆ ಕಿರಿಚಿಕೊಳ್ಳುವ ಕಾರುಗಳ ಕಳ್ಳಗಂಟೆ — ನಮಗೆ ಬರಿಯ ಗದ್ದಲವಾದುದು ಅವುಗಳಿಗೆ ಇನ್ನೆಷ್ಟೋ ಪಾಲು ಕರ್ಕಶವಾಗಿರಬಹುದು. ಕಳ್ಳಗಂಟೆಯನ್ನು ಆರಿಸಿ ಬನ್ನಿರೆಂದು ಹಡಗಿನವರು ಹೇಳುವುದುಂಟು.

ಕುದುರೆಯ ಕಷ್ಟ

ಕಡಲಬೇನೆಯಲ್ಲಿ ವಾಂತಿಯಾಗುವುದು ಒಂದು ಬಗೆಯ ಬಿಡುಗಡೆ. ಕುದುರೆಗೆ ಆ ಬಿಡುಗಡೆಯೂ ಇಲ್ಲ. ಅದರ ಅನ್ನನಾಳ ಜಠರಕ್ಕೆ ಸೇರುವಲ್ಲಿ ಇರುವ ಸ್ನಾಯುವಿನ ಬಳೆ ಬಲು ಬಿಗಿಯಾಗಿರುವುದರಿಂದ ಒಳಹೋದ ಆಹಾರ ಹಿಂದಿರುಗಲಾರದು. ಇಲಿಯೂ ವಾಂತಿಮಾಡಲಾರದು. ಕುದುರೆಯ ಇನ್ನೊಂದು ಕಷ್ಟ ತಲೆಯದು. ತಲೆಯನ್ನು ಎತ್ತರದಲ್ಲಿ ಕಟ್ಟಿ ಗಂಟೆಗಟ್ಟಲೆ ನಿಲ್ಲಿಸಿದರೆ, ಶ್ವಾಸನಾಳದ ಲೋಳೆ ಹೊರಗೆ ಹರಿದುಹೋಗದೆ, ಅದರಲ್ಲಿ ರೋಗಾಣುಗಳು ಬೆಳೆದು ಶ್ವಾಸಕೋಶಕ್ಕೆ ಇಳಿಯುತ್ತವೆ. ಆದುದರಿಂದ ಕುದುರೆಯ ಲಾರಿಯಲ್ಲಿ ಅದು ಆಗಾಗ ತಲೆತಗ್ಗಿಸುವಂತೆ ಹಗ್ಗವನ್ನು ಸಡಿಲಬಿಡಬೇಕು.

ಕಡಲಯಾನದಲ್ಲಿ ಕುದುರೆಗಳು ಸಾಯುತ್ತಿದ್ದುದಕ್ಕೆ ನಮ್ಮ ನಾಡಿನ ಚರಿತ್ರೆಯೂ ಸಾಕ್ಷಿ. ವಿಜಯನಗರದ ಅರಸರಿಗೆ ಅರಬ್ಬೀ ಕುದುರೆಗಳು ಹೊರ್ಮುಜ್ ಮೊದಲಾದ ಕಡೆಗಳಿಂದ ಹಡಗಿನಲ್ಲಿ ಗೋವೆ, ಭಟ್ಕಳಗಳ ರೇವುಗಳಿಗೆ ಬರುತ್ತಿದ್ದುವು. ಹದಿನಾರನೆಯ ಶತಮಾನದ ಪೋರ್ಚುಗೀಸ್ ವರ್ತಕ ಫೆರ್ನಾವ್ ನೂನಿಜ್ ಬರೆದಿಟ್ಟಿರುವಂತೆ, ದಾರಿಯಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೆ ಸಾಕು, ಅರಸನು ಬದುಕಿದ್ದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ. ಬೆಲೆ ವರ್ತಕನಿಗೆ ಸಂದಿತು; ಕುದುರೆಯ ಸಂಕಟವನ್ನು ಯಾವ ಲೆಕ್ಕದಲ್ಲಿಯೂ ಬರೆದಿಡಲಿಲ್ಲ. ಇಂದು ಆ ದೃಷ್ಟಿ ಬದಲಾಗುತ್ತಿದೆ. ಕೊಲ್ಲುವುದಕ್ಕಾಗಿ ಜೀವಂತ ದನ, ಕುರಿ, ಹಂದಿ, ಕುದುರೆಗಳನ್ನು ಗ್ರೇಟ್ ಬ್ರಿಟನ್ನಿನಿಂದ ಹೊರಕ್ಕೆ ಸಾಗಿಸುವುದನ್ನು ೨೦೨೪ರ ಕಾಯಿದೆಯೊಂದು ನಿಷೇಧಿಸಿದೆ.

ಅಕ್ಕಿಕಾಳಿನಷ್ಟು ಗಾತ್ರದ ರಹದಾರಿ

ಹಡಗನ್ನು ಏರುವ ಮೊದಲು ಪ್ರಾಣಿಯ ಕಾಗದಪತ್ರಗಳ ತಪಾಸಣೆಯಾಗುತ್ತದೆ. ಈ ಕಟ್ಟುನಿಟ್ಟಿಗೆ ಕಾರಣ ರೇಬೀಸ್, ಎಂದರೆ ಹುಚ್ಚುನಾಯಿಯ ರೋಗ. ಬ್ರಿಟನ್ ೧೯೦೨ರಲ್ಲಿ ಈ ರೋಗವನ್ನು ನಾಯಿಗಳಿಂದ ತೊಡೆದುಹಾಕಿತು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ, ೧೯೧೮ರಲ್ಲಿ, ಅದು ಮರುಕಳಿಸಿತು. ೧೯೨೨ರಲ್ಲಿ ಮತ್ತೆ ಅಳಿಯಿತು. ಆಮೇಲೆ ಹೊರನಾಡಿನಿಂದ ಬರುವ ಪ್ರತಿಯೊಂದು ನಾಯಿಯೂ ಬೆಕ್ಕೂ ಆರು ತಿಂಗಳು ಪ್ರತ್ಯೇಕವಾಸದಲ್ಲಿ ಇರಬೇಕಾಗಿತ್ತು. ಈ ರೋಗದ ವಿಷಾಣುವು ನರಗಳ ದಾರಿಯಲ್ಲಿ ಮೆಲ್ಲನೆ ಮಿದುಳಿಗೆ ಸಾಗುವುದರಿಂದ, ಕಚ್ಚಿಸಿಕೊಂಡ ಪ್ರಾಣಿ ತಿಂಗಳುಗಟ್ಟಲೆ ಆರೋಗ್ಯವಾಗಿಯೇ ಕಾಣಬಲ್ಲದು. ಆರು ತಿಂಗಳ ಅವಧಿಗೆ ಅದೇ ಆಧಾರ.

ಒಳ್ಳೆಯ ಲಸಿಕೆಗಳೂ ರಕ್ತಪರೀಕ್ಷೆಗಳೂ ಬಂದ ಮೇಲೆ, ೨೦೦೦ದ ಫೆಬ್ರವರಿ ೨೮ರಿಂದ ಈ ಸೆರೆವಾಸಕ್ಕೆ ಬದಲಾಗಿ ಹೊಸ ಕ್ರಮ ಜಾರಿಗೆ ಬಂದಿತು. ಈಗ ಯೂರೋಪಿನಿಂದ ಬರುವ ನಾಯಿ, ಬೆಕ್ಕು, ಫೆರೆಟ್‌ಗಳಿಗೆ ಗುರುತಿನ ಚಿಪ್ಪು, ಆಮೇಲೆ ರೇಬೀಸ್ ಲಸಿಕೆ, ಲಸಿಕೆಯ ನಂತರ ೨೧ ದಿನಗಳ ಕಾಯುವಿಕೆ ಕಡ್ಡಾಯ. ಬ್ರಿಟನ್ನಿಗೆ ಬರುವ ಹೆಚ್ಚಿನ ನಾಯಿಗಳಿಗೆ, ತಲಪುವುದಕ್ಕೆ ೨೪ರಿಂದ ೧೨೦ ಗಂಟೆಗಳ ಒಳಗೆ ಲಾಡಿಹುಳುವಿನ ಮದ್ದನ್ನೂ ಕೊಡಿಸಿರಬೇಕು. ಭಾರತದಿಂದ ಹೋಗುವ ಪ್ರಾಣಿಗೆ ನಿಯಮ ಇನ್ನೂ ಬಿಗಿ. ಲಸಿಕೆಯಾಗಿ ೩೦ ದಿನಗಳ ಮೇಲೆ ರಕ್ತವನ್ನು ತೆಗೆದು, ಅದರ ಪ್ರತಿ ಮಿಲಿಲೀಟರಿನಲ್ಲಿಯೂ ರೋಗನಿರೋಧಕ ವಸ್ತು ಕನಿಷ್ಠ ೦.೫ ಅಂತರರಾಷ್ಟ್ರೀಯ ಏಕಮಾನದಷ್ಟಿದೆಯೆಂದು ತೋರಿಸಿ, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಇದನ್ನು ಅವಮಾನವೆಂದು ಭಾವಿಸಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು ೫೯,೦೦೦ ಜನ ರೇಬೀಸಿನಿಂದ ಸಾಯುತ್ತಾರೆ. ಅವರಲ್ಲಿ ದೊಡ್ಡ ಪಾಲು ನಮ್ಮ ದೇಶದವರು, ಅನೇಕರು ಮಕ್ಕಳು. ಲಸಿಕೆಯಿಂದ ತಡೆಯಬಹುದಾದ ಸಾವು ಇದು. ಹ್ಯಾರಿಚ್ ರೇವಿನ ಕಟ್ಟುಪಾಡು ನಮಗೆ ನೆನಪಿಸಬೇಕಾದುದು ನಮ್ಮ ಬೀದಿಯ ನಾಯಿಗಳಿಗೆ ಹಾಕಿಸದೆ ಉಳಿದಿರುವ 

ಲಸಿಕೆಯನ್ನು.

ಗುರುತಿನ ಚಿಪ್ಪಿನಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಸೊಗಸಾದ ಪಾಠವೊಂದಿದೆ. ಅಕ್ಕಿಕಾಳಿಗಿಂತ ಕೊಂಚ ದೊಡ್ಡದಾದ, ಸುಮಾರು ೧೨ ಮಿಲಿಮೀಟರು ಉದ್ದದ ಗಾಜಿನ ಕೊಳವೆಯದು. ಅದನ್ನು ನಾಯಿಯ ಹೆಗಲಿನ ಬಳಿ ಚರ್ಮದ ಕೆಳಗೆ ಸೂಜಿಯಿಂದ ಇಳಿಸುತ್ತಾರೆ. ಒಳಗೆ ಕಾಂತೀಯ ಸರಳೊಂದಕ್ಕೆ ಸುತ್ತಿದ ತಂತಿಯ ಸುರುಳಿಯೂ ಒಂದು ಪುಟ್ಟ ವಿದ್ಯುನ್ಮಂಡಲವೂ ಇವೆ. ಬ್ಯಾಟರಿ ಇಲ್ಲ! ಅಧಿಕಾರಿಯು ಓದುವ ಯಂತ್ರವನ್ನು ಹತ್ತಿರ ಹಿಡಿದಾಗ, ಅದರ ಸುರುಳಿಯಲ್ಲಿ ಸೆಕೆಂಡಿಗೆ ೧,೩೪,೨೦೦ ಸಲ ಆಂದೋಲಿಸುವ ವಿದ್ಯುತ್ಪ್ರವಾಹವು ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ಬದಲಾಗುವ ಆ ಕಾಂತಕ್ಷೇತ್ರ ನಾಯಿಯ ಮೈಯೊಳಗಿನ ಸುರುಳಿಯಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತದೆ. ಫ್ಯಾರಡೆ ೧೮೩೧ರಲ್ಲಿ ಕಂಡ ನಿಯಮವೇ ಇದು. ಹೀಗೆ ಎರವಲು ಪಡೆದ ಶಕ್ತಿಯಿಂದ ಎಚ್ಚೆತ್ತ ಚಿಪ್ಪು ತನ್ನ ೧೫ ಅಂಕೆಗಳ ಸಂಖ್ಯೆಯನ್ನು ಹೇಳಿ ಮತ್ತೆ ನಿದ್ರಿಸುತ್ತದೆ. ಸುರುಳಿಯ ಕ್ಷೇತ್ರ ದೂರದ ಘನಕ್ಕೆ ವಿಲೋಮವಾಗಿ ಕ್ಷೀಣಿಸುವುದರಿಂದ, ಯಂತ್ರವನ್ನು ಮೈಗೆ ತಾಗುವಷ್ಟು ಹತ್ತಿರ ಹಿಡಿಯಬೇಕು. ಈ ಚಿಪ್ಪು ನಾಯಿ ಎಲ್ಲಿದೆಯೆಂದು ದೂರದಿಂದ ಹೇಳಲಾರದೆಂಬುದಕ್ಕೂ ಇದೇ ಕಾರಣ.

ತೀರ್ಮಾನ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕಾರು, ಗೂಡು, ಕೋಣೆ ಈ ಮೂರರಲ್ಲಿ ಯಾವುದು ಮೇಲು? ಕಾರಿನಲ್ಲಿ ನಾಯಿಗೆ ಪರಿಚಿತವಾದ ವಾಸನೆಯಿದೆ. ತಂಪಾದ ರಾತ್ರಿಯಲ್ಲಿ, ಕಿಟಕಿ ಇಳಿದಿದ್ದರೆ, ಗಾಳಿಗೂ ಕೊರತೆಯಿಲ್ಲ. ಆದರೆ ಲೆಕ್ಕವೆಲ್ಲ ನಿಂತಿರುವುದು ಬೀಸಣಿಗೆ ತಿರುಗುತ್ತಿರಬೇಕು, ಹವೆ ತಂಪಾಗಿರಬೇಕು, ನಾಯಿ ಆರೋಗ್ಯವಾಗಿರಬೇಕು ಎಂಬ ‘ಬೇಕು’ಗಳ ಮೇಲೆ. ಅವುಗಳಲ್ಲಿ ಒಂದು ತಪ್ಪಿದರೂ ಅದನ್ನು ಕಂಡು ಸರಿಪಡಿಸುವವರು ಆ ಅಟ್ಟದಲ್ಲಿ ಇರುವುದಿಲ್ಲ. ಗೂಡಿನಲ್ಲಿ ಅಪರಿಚಿತ ನಾಯಿಗಳ ಬೊಗಳಾಟವುಂಟು. ಆದರೆ ಒಡೆಯನು ಬಂದು ನೋಡಬಹುದು, ನೀರು ಕೊಡಬಹುದು, ಹೊರಗೆ ಒಯ್ಯಬಹುದು. ಕೋಣೆಯಲ್ಲಿಯಂತೂ ಅವನು ಇಡೀ ರಾತ್ರಿ ಜೊತೆಗೇ ಇರುತ್ತಾನೆ. ಆದುದರಿಂದ ಎಂಟು ಗಂಟೆಯ ಯಾನಕ್ಕೆ ಮೊದಲು ಕೋಣೆ, ಅದಿಲ್ಲದಿದ್ದರೆ ಗೂಡು, ಇವೆರಡೂ ಇಲ್ಲದಿದ್ದರೆ ಬೇರೆ ದಿನದ ಹಡಗು ಎಂಬುದು ನಮ್ಮ ಅಭಿಪ್ರಾಯ.

ಸುರಕ್ಷಿತತೆಯ ಲೆಕ್ಕವನ್ನು ಹಾಕುವವರು ಎಲ್ಲವೂ ನೆಟ್ಟಗಿರುವಾಗ ಏನಾಗುತ್ತದೆಂದು ಕೇಳಿ ಸುಮ್ಮನಾಗುವುದಿಲ್ಲ. ಏನಾದರೊಂದು ಕೆಟ್ಟಾಗ ಅದು ಯಾರಿಗೆ ಗೊತ್ತಾಗುತ್ತದೆ, ಎಷ್ಟು ಬೇಗ ಗೊತ್ತಾಗುತ್ತದೆ ಎಂದೂ ಕೇಳುತ್ತಾರೆ. ಮನುಷ್ಯನಾದರೆ ಬಾಗಿಲು ಬಡಿಯುತ್ತಾನೆ, ಕೂಗಿ ಕರೆಯುತ್ತಾನೆ. ಬಾಯಿಲ್ಲದ ಪ್ರಾಣಿಯ ಪರವಾಗಿ ಆ ಪ್ರಶ್ನೆಯನ್ನು ಹಡಗು ಹೊರಡುವ ಮೊದಲೇ ಕೇಳಿಕೊಳ್ಳುವುದು ಅದನ್ನು ಸಾಕಿದವರ ಕರ್ತವ್ಯ.